ಡ್ರಾಯರ್‌ನಲ್ಲಿ ಬಿಟ್ಟುಹೋದ ಸಹಿ

ಖಾತೆ ಕಚೇರಿಯ ಸಹಿ ಅಧಿಕಾರಿಗಳೇ,

ಮಾರ್ಚ್ ಹದಿನಾಲ್ಕರ ಮಧ್ಯಾಹ್ನ ಹನ್ನೆರಡೂ ನಲವತ್ತಕ್ಕೆ ತಾವು ಡಿಜಿಟಲ್ ಸಹಿ ಹಾಕಿ, ಆವರಗೆರೆಯಲ್ಲಿರುವ ನನ್ನ ಅತ್ತೆ ಮರಿಯವ್ವನವರ ಮನೆಯ ಖಾತೆಯನ್ನು ಯಾರೋ ಅಪರಿಚಿತರ ಹೆಸರಿಗೆ ಮಾಡಿದ್ದೀರಿ. ಅದೇ ಹೊತ್ತಿಗೆ ತಾವು ಹರಿಹರದ ಮದುವೆಯೊಂದರಲ್ಲಿ ಊಟಕ್ಕೆ ಕೂತಿದ್ದಿರಿ. ನನಗೆ ಹೇಗೆ ಗೊತ್ತು? ತಮ್ಮ ಪಕ್ಕದ ಎಲೆ ನನ್ನದು. ಎರಡನೇ ಸಲ ಹೋಳಿಗೆ ಬಂದಾಗಲೂ ತಾವು ಬೇಡವೆನ್ನಲಿಲ್ಲ. ಹರಿಹರದಲ್ಲಿ ಉಣ್ಣುತ್ತಲೇ ದಾವಣಗೆರೆಯಲ್ಲಿ ಸಹಿ ಹಾಕುವ ವಿದ್ಯೆಯನ್ನು ತಾವು ಯಾವ ಗುರುಗಳಲ್ಲಿ ಕಲಿತಿರಿ?

ತಮ್ಮ ಸಹಿ ಇರುವುದು ಹೆಬ್ಬೆರಳಿನಷ್ಟು ದೊಡ್ಡ ಡಾಂಗಲ್‌ನಲ್ಲಿ. ಅದರೊಳಗಿನ ಚಿಪ್ ಅನ್ನು ನಕಲು ಮಾಡಲು ಯಾರಿಂದಲೂ ಆಗದು, ಅದನ್ನು ಕಂಪ್ಯೂಟರಿಗೆ ಚುಚ್ಚಿ ಪಿನ್ ಒತ್ತಿದರೆ ಮಾತ್ರ ಬೆಂಗಳೂರಿನ ಸರ್ವರ್ ನಂಬುತ್ತದೆ ಎಂದು ಕಚೇರಿಯ ಗೋಡೆಗೆ ಬೋರ್ಡು ಹಾಕಿದ್ದೀರಿ. ಸರ್ವರ್ ನಂಬಿತು. ಚುಚ್ಚಿದ ಕೈ ಯಾರದೆಂದು ಅದಕ್ಕೆ ಕಾಣುವುದಾದರೂ ಹೇಗೆ? ಅದಕ್ಕಿಂತ ದೊಡ್ಡ ದಡ್ಡ ನಾನು. ಹಳೆಯ ಪತ್ರಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಡಾಡುತ್ತಿದ್ದ ಅತ್ತೆಗೆ, "ಈಗೆಲ್ಲ ಕಂಪ್ಯೂಟರ್, ಮೋಸ ನಡೆಯೋದಿಲ್ಲ" ಎಂದು ಬುದ್ಧಿ ಹೇಳಿದವನು ನಾನೇ. ಆ ಮಾತು ನೆನೆದರೆ ಈಗ ನಾಚಿಕೆಯಾಗುತ್ತದೆ.

ತಮ್ಮ ಕಚೇರಿಗೆ ಹೋದೆ. ಗುತ್ತಿಗೆ ಆಪರೇಟರ್ ನಿಂಗರಾಜ್ ಡ್ರಾಯರ್ ಎಳೆದು ಡಾಂಗಲ್ ತೋರಿಸಿದರು. ಆಯುಧಪೂಜೆಯ ಕುಂಕುಮ ಅದರ ಮೇಲೆ ಇನ್ನೂ ಇತ್ತು, ಅದರ ಕೆಳಗೆ ಪಿನ್ ಬರೆದ ಚೀಟಿ.

"ಸಾಹೇಬ್ರೇ ಕೊಟ್ಟು ಹೋಗ್ತಾರ್ರಿ. ಇಲ್ಲಾಂದ್ರೆ ದಿನಕ್ಕೆ ನೂರು ಅರ್ಜಿ ಹೆಂಗೆ ಮುಗೀತಾವು? ಯಾರ್ ಯಾರು ಒತ್ತತಾರೋ ನಂಗೇನ್ ಗೊತ್ತು," ಎಂದರು.

ಕೋಟೆ ಕಟ್ಟಿ ಬೀಗದ ಕೈಯನ್ನು ಬಾಗಿಲಿಗೇ ನೇತುಹಾಕುವುದೆಂದರೆ ಇದೇ. ಮರುದಿನ ತಾವೇ ಸಿಕ್ಕಾಗ ಹೇಳಿದ್ದೂ ನೆನಪಿರಲಿ: "ಸರ್ವರ್ ಒಪ್ಪೈತೆ ಅಂದ್ಮೇಲೆ ಅದು ನಂದೇ ಸಹಿ ಕಣ್ರಿ. ಬೇಕಾದ್ರೆ ತಕರಾರು ಅರ್ಜಿ ಹಾಕ್ರಿ." ಹಾಕಿದೆ. "ಖುದ್ದಾಗಿ ಪರಿಶೀಲಿಸಿ ತಿರಸ್ಕರಿಸಲಾಗಿದೆ" ಎಂಬ ಉತ್ತರ ಎರಡೇ ನಿಮಿಷದಲ್ಲಿ ಬಂತು. ಅದಕ್ಕೂ ಅದೇ ಡಾಂಗಲ್‌ನ ಸಹಿ.

ಹೊಸ ಖಾತೆದಾರರು ಈ ತಿಂಗಳ ಕೊನೆಗೆ ಮನೆ ಖಾಲಿ ಮಾಡಿ ಎಂದು ವಕೀಲರ ನೋಟಿಸ್ ಕಳಿಸಿದ್ದಾರೆ. ಅತ್ತೆ ಅದನ್ನು ನನ್ನ ಕೈಗೆ ಕೊಟ್ಟು ಒಂದೇ ಪ್ರಶ್ನೆ ಕೇಳಿದರು: "ಅಲ್ರಿ ಅಳಿಯಂದ್ರೆ, ನಾನು ಯಾರಿಗೂ ಕೊಟ್ಟಿಲ್ಲ. ಮತ್ತ ಮನಿ ಹೆಂಗೆ ಹೋತು?" ಇದಕ್ಕೆ ಉತ್ತರ ತಮ್ಮಲ್ಲಿ ಇದೆ.

ಅದನ್ನೇ ಕೇಳುತ್ತಿದ್ದೇನೆ. ತನಿಖೆ ಬೇಡ, ಸಮಿತಿ ಬೇಡ. "ಆ ದಿನ ನಾನು ಕಚೇರಿಯಲ್ಲಿ ಇರಲಿಲ್ಲ, ಆ ಸಹಿ ನಾನು ಹಾಕಿದ್ದಲ್ಲ" ಎಂದು ಒಂದು ಸಾಲು ಬರೆದುಕೊಡಿ. ಅದಿಲ್ಲದೆ ಯಾವ ನ್ಯಾಯಾಲಯವೂ ಯಂತ್ರವನ್ನು ಬಿಟ್ಟು ಮುದುಕಿಯ ಮಾತು ಕೇಳುವುದಿಲ್ಲ ಎನ್ನುತ್ತಾರೆ ನಮ್ಮ ವಕೀಲರು. ಬರೆದರೆ ತಮ್ಮ ನೌಕರಿ ಹೋಗಬಹುದು, ಅದು ನನಗೂ ಗೊತ್ತು. ಬರೆಯದಿದ್ದರೆ ಮರಿಯವ್ವನವರ ಮನೆ ಹೋಗುತ್ತದೆ. ಡಾಂಗಲ್ ಬಿಟ್ಟುಹೋದವರು ತಾವು, ಅವರಲ್ಲ. ಬರೆಯಿರಿ.

ಇಂತಿ,
ಅತ್ತೆಗೆ ಮುಖ ತೋರಿಸಲಾರದ ಅಳಿಯ,
ಎರ್ರಿಸ್ವಾಮಿ
ವಿನೋಬನಗರ, ದಾವಣಗೆರೆ