ಗೋಡೆಗೆ ಊರಿದ ಬಲಗಾಲು

ಐರಿನ್,

ನಮ್ಮ ಕಾರು ಲಾರಿಗೆ ಗುದ್ದಿ ನೀನು ಹೋದ ದಿನದಿಂದ ನನ್ನ ಬಲಗಾಲು ಕೂತಲ್ಲೆಲ್ಲ ನಡುಗುತ್ತದೆ. ಮೂಳೆ ಡಾಕ್ಟರು ಏನೂ ತೊಂದರೆಯಿಲ್ಲ ಎಂದರು. ಅದಕ್ಕೇ ಚಾಮರಾಜಪುರಂನಲ್ಲಿ ಅನುಪಮಾ ಎಂಬ ಥೆರಪಿಸ್ಟ್ ಹತ್ತಿರ ಹೋಗುತ್ತಿದ್ದೇನೆ. ಮೈಯಲ್ಲಿ ಉಳಿದ ಆಘಾತವನ್ನು ಮೈಯಿಂದಲೇ ಬಿಡಿಸುತ್ತಾರಂತೆ.

ಇವತ್ತು ಕುರ್ಚಿಯಲ್ಲಿ ಕೂರಿಸಿ, ಪಾದವನ್ನು ಗೋಡೆಗೆ ಊರಿಸಿದರು.

“ಆವತ್ತು ಬ್ರೇಕ್ ತುಳಿಯೋಕೆ ಟೈಮ್ ಸಿಗ್ಲಿಲ್ಲ ಅಂದ್ರಲ್ಲ ಸ್ಯಾಮ್ಯುಯೆಲ್, ಈಗ ನಿಧಾನವಾಗಿ ತುಳೀರಿ.”

ತುಳಿದೆ. ಕಾಲು ಜೋರಾಗಿ ನಡುಗಿ, ಆಮೇಲೆ ಸುಮ್ಮನಾಯಿತು.

“ಹೇಗನ್ಸುತ್ತೆ?”

“ಹಗುರ ಆಯ್ತು ಮೇಡಂ,” ಎಂದು ಎದ್ದು ಬಂದೆ.

ಟೈಮ್ ಸಿಗಲಿಲ್ಲ ಎಂದು ಅವರಿಗೆ ಹೇಳಿದವನು ನಾನೇ. ಲಾರಿಗೆ ಗುದ್ದುವ ಮೊದಲು ನೀನು ಎರಡು ಸಲ “ನಿಧಾನ ಕಣ್ರೀ” ಎಂದಿದ್ದನ್ನು ಹೇಳಿರಲಿಲ್ಲ. ಗೇಟಿನವರೆಗೆ ಬಂದವನು ವಾಪಸು ಹೋಗಿ, ಅದನ್ನೂ ಹೇಳಿದೆ.