ನನ್ನ ತಮ್ಮ ಸತ್ತದ್ದು ಯಾವ ಠಾಣೆಯ ಸರಹದ್ದಿನಲ್ಲಿ?

ಮಾನ್ಯರೇ,

ನನ್ನ ತಮ್ಮ ಸಿದ್ದರಾಮುವನ್ನು ಕೊಂದವನು ಮದ್ದೂರಿನಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ ಇಟ್ಟುಕೊಂಡು ಆರಾಮವಾಗಿದ್ದಾನೆ. ಅವನ ವಿಚಾರಣೆ ಶುರುವಾಗಲು ಬೇಕಾದದ್ದು ನಿಮ್ಮ ಒಂದು ಸಹಿ. ಆ ಕಡತ ದೆಹಲಿಯಲ್ಲಿ ನಿಮ್ಮ ಮೇಜಿನ ಮೇಲೆ ಬಂದು ಕೂತು ಇಪ್ಪತ್ತಾರು ತಿಂಗಳಾಯಿತು. ನಿಮ್ಮ ಹೆಸರು ನನಗೆ ಗೊತ್ತಿಲ್ಲ, ಅದಕ್ಕೇ ಈ ಪತ್ರವನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ಮಾಹಿತಿ ಹಕ್ಕಿನಲ್ಲಿ ಕೇಳಿದಾಗ ಹುದ್ದೆಯನ್ನು ಮಾತ್ರ ತಿಳಿಸಿದರು: 'ಮಂಜೂರಾತಿ ನೀಡಲು ಸಕ್ಷಮ ಪ್ರಾಧಿಕಾರಿ'. ಸಕ್ಷಮ ಎಂಬ ಪದವನ್ನು ನಾನು ಸಾವಿರಾರು ಸಲ ಬೆರಳಚ್ಚು ಮಾಡಿದ್ದೇನೆ. ಏನನ್ನೂ ಮಾಡದೆ ಇಷ್ಟು ದಿನ ಕೂರಬಲ್ಲವನು ಎಂಬ ಅರ್ಥವೂ ಅದಕ್ಕಿದೆ ಎಂದು ತಿಳಿದದ್ದು ನಿಮ್ಮಿಂದ.

ನಾನು ಮಳವಳ್ಳಿಯಲ್ಲಿ ಕೋರ್ಟಿನ ಎದುರು ತಗಡಿನ ಚಪ್ಪರದ ಕೆಳಗೆ ಕೂತು ಜನರಿಗೆ ಅರ್ಜಿ ಬೆರಳಚ್ಚು ಮಾಡಿಕೊಡುವವಳು. ಊರು ಪೂರಿಗಾಲಿ. ಅವ್ವ ಬೇಗ ಹೋದದ್ದರಿಂದ ಸಿದ್ದರಾಮುವನ್ನು ಬೆಳೆಸಿದವಳು ನಾನೇ. ಹಲಗೂರಿನ ಸುತ್ತಮುತ್ತ ಮದುವೆಗಳಲ್ಲಿ ಅಡುಗೆ ಮಾಡುತ್ತಿದ್ದವನು ಮುಂಬೈಗೆ ಹೋಗಿ ತರಬೇತಿ ಪಡೆದು ಸರಕು ಹಡಗಿನಲ್ಲಿ ಅಡುಗೆಯವನಾದ. ಆರು ವರ್ಷ ದುಡಿದ. ಬೇರೆ ಬೇರೆ ನಾಡಿನ ಹಡಗಿನವರಿಗೆಲ್ಲ ಮುದ್ದೆ ನುಂಗುವುದನ್ನು ಕಲಿಸಿದೆ ಎಂದು ಫೋನಿನಲ್ಲಿ ಹೇಳಿಕೊಂಡು ನಗುತ್ತಿದ್ದ. ಅದೇ ಹಡಗಿಗೆ ಮದ್ದೂರು ಕಡೆಯ ಮಹದೇವುವನ್ನು ಸೇರಿಸಿದವನೂ ಸಿದ್ದರಾಮುವೇ. 'ನಮ್ ಕಡೆಯೋನು ಕಣಕ್ಕ, ಮಾತಿಗೊಬ್ಬ ಸಿಕ್ದಂಗಾಯ್ತು' ಎಂದಿದ್ದ.

ಹೌದು, ಹೆಸರು ಬರೆದಿದ್ದೇನೆ. ಮಹದೇವು. ಬೇಕಾದರೆ ಮಾನನಷ್ಟ ಮೊಕದ್ದಮೆ ಹೂಡಲಿ. ಅದಕ್ಕೆ ದೆಹಲಿಯ ಅಪ್ಪಣೆ ಬೇಡ. ಮದ್ದೂರಿನಲ್ಲಿ ಕೂತು ನಾಳೆಯೇ ಹೂಡಬಹುದು. ನಾನು ಆಡಿದ ಮಾತಿಗೆ ನ್ಯಾಯಾಲಯದ ವ್ಯಾಪ್ತಿ ಇದೆ, ಅವನು ಎತ್ತಿದ ಕೈಗೆ ಇಲ್ಲ. ಹೂಡಲಿ ಎಂದೇ ನನ್ನ ಆಸೆ. ಹಾಗಾದರೂ ಒಂದು ಕೋರ್ಟಿನಲ್ಲಿ ಅವನ ಎದುರು ನಿಲ್ಲುತ್ತೇನೆ.

ನಡೆದದ್ದು ಇಷ್ಟು. ಹಡಗಿನ ಉಗ್ರಾಣದ ಸಾಮಾನನ್ನು ಮಹದೇವು ಕದ್ದು ಬಂದರುಗಳಲ್ಲಿ ಮಾರುತ್ತಿದ್ದ. ಉಗ್ರಾಣದ ಹೊಣೆ ಸಿದ್ದರಾಮುವಿನದು. ಎರಡು ಸಲ ಬಿಟ್ಟ, ಮೂರನೇ ಸಲ ಕ್ಯಾಪ್ಟನ್‌ಗೆ ಹೇಳಿದ. 2022ರ ಮಾರ್ಚ್‌ನಲ್ಲಿ ಒಂದು ಮಧ್ಯಾಹ್ನ, ಹಿಂದೂ ಮಹಾಸಾಗರದ ನಡುವೆ, ಯಾವ ನಾಡಿನ ದಡಕ್ಕೂ ಎರಡು ದಿನದ ದಾರಿ ಇದ್ದಾಗ, ಸಿದ್ದರಾಮು ತರಕಾರಿ ಸಿಪ್ಪೆಯ ಬಕೆಟ್ಟು ಹಿಡಿದು ಹಡಗಿನ ಹಿಂಭಾಗಕ್ಕೆ ಹೋದ. ಮಹದೇವು ಎಂಜಿನ್ ಕೋಣೆಯ ದೊಡ್ಡ ಸ್ಪ್ಯಾನರ್ ಹಿಡಿದು ಹಿಂದೆಯೇ ಹೋದ. ತಲೆಗೆ ಒಂದು ಏಟು. ಆಮೇಲೆ ಕಾಲು ಹಿಡಿದು ಎತ್ತಿ ಕಂಬಿಯಾಚೆ ಹಾಕಿದ. ಕ್ಯಾಪ್ಟನ್ ಒಂದು ಗಂಟೆ ಹಡಗು ತಿರುಗಿಸಿ ಹುಡುಕಿದಂತೆ ಮಾಡಿ, 'ಕಾಲು ಜಾರಿ ಬಿದ್ದು ಕಾಣೆ' ಎಂದು ಪುಸ್ತಕದಲ್ಲಿ ಬರೆದ. ಮುಂದಿನ ಬಂದರಿನಲ್ಲಿ ಮಹದೇವುವನ್ನು ಇಳಿಸಿ ವಿಮಾನ ಹತ್ತಿಸಿದ. ಸರಕು ತಡವಾಗಬಾರದಲ್ಲ?

ಇದನ್ನು ಹೇಳಿದವನು ಮಂಗಳೂರು ಕಡೆಯ ಒಬ್ಬ ಖಲಾಸಿ. ಹಡಗಿನಲ್ಲಿ ಇರುವಷ್ಟು ದಿನ ಹೆದರಿ ಬಾಯಿ ಮುಚ್ಚಿಕೊಂಡಿದ್ದವನು, ಕೆಲಸ ಬಿಟ್ಟು ಇಳಿದ ಮೇಲೆ ನನ್ನನ್ನು ಹುಡುಕಿಕೊಂಡು ಮಳವಳ್ಳಿಗೆ ಬಂದ. ಚಪ್ಪರದ ಕೆಳಗೆ ನಿಂತೇ ಅತ್ತ. 'ನಾನು ಕಣ್ಣಾರೆ ಕಂಡದ್ದು ಅಕ್ಕ. ಬಿದ್ದ ಮೇಲೂ ಅವನ ಕೈ ಒಮ್ಮೆ ಮೇಲೆ ಬಂತು. ನಾನು ಟ್ಯಾಂಕಿನ ಹಿಂದೆ ಅಡಗಿ ಕೂತೆ. ನನ್ನನ್ನು ಕ್ಷಮಿಸಬೇಡಿ' ಎಂದ. ನಾನು ಕ್ಷಮಿಸಲಿಲ್ಲ. ಆದರೆ ಅವನ ಒಂದೊಂದು ಮಾತನ್ನೂ ಅಲ್ಲೇ ಬೆರಳಚ್ಚು ಮಾಡಿ, ಓದಿ ಹೇಳಿ, ಸಹಿ ಹಾಕಿಸಿಕೊಂಡೆ.

ಅದನ್ನು ಹಿಡಿದು ನಮ್ಮ ಸೀಮೆಯ ಒಂದು ಠಾಣೆಗೆ ಹೋದೆ. ಅಧಿಕಾರಿ ಕೇಳಿದರು, 'ಘಟನಾ ಸ್ಥಳ ಯಾವ್ದಮ್ಮ?'

'ಹಿಂದೂ ಮಹಾಸಾಗರ ಸಾರ್.'

ಅವರು ಪೆನ್ನು ಕೆಳಗಿಟ್ಟರು. 'ನಮ್ ಲಿಮಿಟ್ಟಲ್ಲಿ ಸಮುದ್ರ ಬರಕಿಲ್ಲ ಕಣಮ್ಮ. ನಾಲೇಲೋ ಕೆರೇಲೋ ಬಿದ್ದಿದ್ರೆ ನೋಡಬೌದಿತ್ತು.'

ನನ್ನ ತಮ್ಮ ಸಾಯಲು ತಪ್ಪು ಜಾಗ ಆರಿಸಿಕೊಂಡಿದ್ದ, ಮಾನ್ಯರೇ. ಅವರು ಮುಂಬೈಗೆ ಕಳಿಸಿದರು. ಮುಂಬೈಯವರು, ಹಡಗು ನಮ್ಮಲ್ಲಿಂದ ಹೊರಟಿಲ್ಲ ಎಂದರು. ಹಡಗು ಹಾರಿಸುತ್ತಿದ್ದ ಬಾವುಟದ ನಾಡಿಗೆ ಬರೆದೆ. ಭೂಪಟದಲ್ಲಿ ಭೂತಗನ್ನಡಿ ಇಟ್ಟು ಹುಡುಕಬೇಕಾದ ದ್ವೀಪ ಅದು. ಕ್ಯಾಪ್ಟನ್ ವರದಿ ಸಮಾಧಾನಕರವಾಗಿದೆ, ಕಡತ ಮುಚ್ಚಲಾಗಿದೆ ಎಂದು ಒಂದೇ ಸಾಲಿನ ಉತ್ತರ ಬಂತು. ಯಾರಿಗೆ ಸಮಾಧಾನ?

ಕೊನೆಗೆ ಮದ್ದೂರಿಗೆ, ಅವನ ಅಂಗಡಿಗೇ ಹೋದೆ. ಮಹದೇವು ಎದ್ದು ಕುರ್ಚಿ ಕೊಟ್ಟ. 'ಬಾ ಅಕ್ಕ, ಕೂತ್ಕೊ, ಟೀ ತರಿಸ್ತೀನಿ' ಎಂದ. ಯಾಕೆ ಕೊಂದೆ ಎಂದು ಕೇಳಿದೆ. ಅವನು ಅಲ್ಲ ಎನ್ನಲಿಲ್ಲ. ನಕ್ಕ. 'ಅಲ್ಲಿ ಯಾವ್ ಪೊಲೀಸು, ಯಾವ್ ಕೋರ್ಟು ಕಣಕ್ಕ? ಯಾವ್ ಸ್ಟೇಸನ್‌ಗೆ ಓಯ್ತೀಯೋ ಓಗು' ಎಂದ. ಅವನ ಪಕ್ಕ ತೂಕಕ್ಕೆಂದು ತೆಗೆದಿಟ್ಟ ಕಬ್ಬಿಣದ ಸರಳುಗಳಿದ್ದವು. ನನ್ನ ಕೈ ಒಂದನ್ನು ಮುಟ್ಟಿತ್ತು ಎಂಬುದನ್ನೂ ಇಲ್ಲಿ ಮುಚ್ಚಿಡುವುದಿಲ್ಲ.

ಮನೆಗೆ ಬಂದು ಅಪ್ಪನಿಗೆ ಹೇಳಿದ್ದು ನನ್ನ ತಪ್ಪು. ಅಪ್ಪನ ಹೆಸರು ದೊಡ್ಡಬೀರಯ್ಯ, ಎಪ್ಪತ್ತೆಂಟು ವರ್ಷ. ಹೆಣ ಸಿಗದ ಮಗನಿಗೆ ತಿಥಿ ಮಾಡಲು ಒಪ್ಪದೆ ಕೂತಿದ್ದವರು. ಮರುದಿನ ಬೆಳಿಗ್ಗೆ ಮನೆಯಲ್ಲಿ ಕಾಣಲಿಲ್ಲ. ಓಡಿಹೋಗಿ ನೋಡಿದರೆ ಬಸ್ ನಿಲ್ದಾಣದಲ್ಲಿ, ಗೊಬ್ಬರದ ಚೀಲದಲ್ಲಿ ಮಚ್ಚು ಸುತ್ತಿಕೊಂಡು ಮದ್ದೂರಿನ ಬಸ್ಸಿಗೆ ಕಾಯುತ್ತಿದ್ದಾರೆ.

'ಬುಡವ್ವ ನನ್ನ' ಎಂದರು. 'ಸಮುದ್ರದಲ್ಲಿ ಕೊಂದ್ರೆ ಕೇಸಿಲ್ವಂತೆ. ಮದ್ದೂರಲ್ಲಿ ಕೊಂದ್ರೆ ಆಯ್ತದಲ್ಲ? ಅದೇನ್ ಲಿಮಿಟ್ ಬೇಕೋ ನಾನೇ ಕೊಡ್ತೀನಿ.'

'ಒಂದೇ ಏಟಿಗೆ ಸತ್ರೆ ಅವ್ನಿಗೇನಪ್ಪ ಕಷ್ಟ?' ಎಂದೆ. 'ಕಟಕಟೇಲಿ ನಿಂತು ಬೆವರ್ಬೇಕು. ವರ್ಸಗಟ್ಲೆ ಬೆವರ್ಬೇಕು. ನಂಗದು ಬೇಕು.'

ಬಸ್ಸು ಬಂದು ಹೋಯಿತು, ಅಪ್ಪ ಹತ್ತಲಿಲ್ಲ. ಚೀಲವನ್ನು ನನ್ನ ಕೈಗೆ ಕೊಟ್ಟು, 'ಬೆವರಿಸ್ತೀಯಾ?' ಎಂದು ಕೇಳಿದರು. ಹೂಂ ಎಂದೆ. ಆ ಮುದುಕನಿಗೆ ಕಾನೂನಿನ ಪರವಾಗಿ ಮಾತು ಕೊಟ್ಟವಳು ನಾನು, ಮುರಿಯುತ್ತಿರುವವರು ನೀವು.

ದಾರಿ ತೋರಿಸಿದವಳು ಮಳವಳ್ಳಿಯ ಕಿರಿಯ ವಕೀಲೆ ಶೋಭಿತಾ. ದಂಡ ಪ್ರಕ್ರಿಯಾ ಸಂಹಿತೆಯ 188ನೇ ಕಲಮನ್ನು ನನ್ನ ಮುಂದಿಟ್ಟಳು. ಭಾರತದ ಪ್ರಜೆ ಕಡಲಿನಲ್ಲಾಗಲಿ, ಹೊರಗೆ ಬೇರೆಲ್ಲೇ ಆಗಲಿ ಅಪರಾಧ ಮಾಡಿದರೆ, ಅವನು ದೇಶದೊಳಗೆ ಎಲ್ಲಿ ಸಿಗುತ್ತಾನೋ ಅಲ್ಲೇ ಆ ಅಪರಾಧ ನಡೆಯಿತು ಎಂಬಂತೆ ಕ್ರಮ ಜರುಗಿಸಬಹುದು. ಹೊಸ ಸಂಹಿತೆಯಲ್ಲೂ ಸಂಖ್ಯೆ ಬದಲಾಗಿದೆಯೇ ಹೊರತು ಮಾತು ಅದೇ. ಅಂದರೆ ಕಾನೂನಿನ ಕಣ್ಣಿನಲ್ಲಿ ನನ್ನ ತಮ್ಮ ಸತ್ತದ್ದು ಮದ್ದೂರಿನಲ್ಲೇ! ಖಾಸಗಿ ದೂರು ಹಾಕಿದೆವು. ನ್ಯಾಯಾಧೀಶರು ತನಿಖೆಗೆ ಆದೇಶಿಸಿದರು. ಖಲಾಸಿ ಬಂದು ಹೇಳಿಕೆ ಕೊಟ್ಟ. ಮಹದೇವುವನ್ನು ಹಿಡಿದರು, ಆರೋಪಪಟ್ಟಿ ಹಾಕಿದರು. ಆಮೇಲೆ ಕಲಮಿನ ಬಾಲ ಕಾಣಿಸಿಕೊಂಡಿತು: ಕೇಂದ್ರ ಸರ್ಕಾರದ ಪೂರ್ವಾನುಮತಿ ಇಲ್ಲದೆ ವಿಚಾರಣೆ ನಡೆಸುವಂತಿಲ್ಲ. ಕಡತ ನಿಮ್ಮಲ್ಲಿಗೆ ಬಂತು. ವಿಚಾರಣೆ ಶುರುವಾಗುವ ಸೂಚನೆಯೇ ಇಲ್ಲವೆಂದು ಅವನಿಗೆ ಜಾಮೀನು ಸಿಕ್ಕಿತು. ಅಂಗಡಿಗೆ ಹೊಸ ಬೋರ್ಡು ಹಾಕಿಸಿದ್ದಾನೆ.

ಶೋಭಿತಾ ಇನ್ನೊಂದು ಸಂಗತಿ ಹೇಳಿದಳು. ನಮ್ಮ ತಲೆಯ ಮೇಲೆ ನಾನೂರು ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಒಬ್ಬ ಇನ್ನೊಬ್ಬನಿಗೆ ಹೊಡೆದರೂ, ಹೊಡೆದವನು ಯಾವ ನಾಡಿನವನೋ ಆ ನಾಡು ಅವನನ್ನು ವಿಚಾರಿಸಬಹುದಂತೆ. ಅದನ್ನು ಕಟ್ಟಿದ ದೇಶಗಳು ಮೊದಲೇ ಕೂತು ಒಪ್ಪಂದ ಬರೆದುಕೊಂಡಿವೆ. ಉಸಿರಾಡಲು ಗಾಳಿಯಿಲ್ಲದ ಕಡೆಗೂ ಕಾನೂನು ಏರಿಹೋಗಿದೆ, ಮದ್ದೂರಿಗೆ ಇಳಿದು ಬರಲು ಮಾತ್ರ ಅದಕ್ಕೆ ನಿಮ್ಮ ಸಹಿ ಬೇಕು. ನಮ್ಮವರೂ ಸ್ವಂತ ನೌಕೆಯಲ್ಲಿ ಆಕಾಶಕ್ಕೆ ಹೊರಟಿದ್ದಾರೆ, ಸಂತೋಷ. ನಾಳೆ ಅಲ್ಲೊಬ್ಬ ಇನ್ನೊಬ್ಬನ ಉಸಿರಿನ ನಳಿಗೆ ಕಿತ್ತು ಊರಿಗೆ ಬಂದರೆ ಆ ಕಡತವೂ ನಿಮ್ಮ ಬಳಿಗೇ ತಾನೆ ಬರುವುದು? ಅದನ್ನೂ ಸಿದ್ದರಾಮುವಿನ ಕಡತದ ಮೇಲೆ ಒಟ್ಟುತ್ತೀರಾ? ದೂರ ಹೋಗಿ ಕೊಂದರೆ ಉಳಿಯಬಹುದು ಎಂದು ಈ ದೇಶದ ಕೊಲೆಗಡುಕರಿಗೆ ಪಾಠ ಹೇಳಿಕೊಡುತ್ತಿರುವವರು ಯಾರು?

ನನಗೆ ಸಾಂತ್ವನ ಬೇಡ. ಪರಿಹಾರದ ಮಾತು ಎತ್ತಬೇಡಿ. ನಾನು ಸೇಡಿನ ಹೆಂಗಸು, ನಾಚಿಕೆಯಿಲ್ಲದೆ ಹೇಳುತ್ತೇನೆ. ನನ್ನ ಸೇಡನ್ನು ತಂದು ಕಾನೂನಿನ ಕೈಗೆ ಒಪ್ಪಿಸಿದ್ದೇನೆ, ಅಷ್ಟೇ. ಈ ಪತ್ರ ಅಚ್ಚಾದ ದಿನದಿಂದ ಮೂವತ್ತು ದಿನದೊಳಗೆ ಸಹಿ ಹಾಕಿ. ಹಾಕುವುದಿಲ್ಲವಾದರೆ ಯಾಕೆ ಎಂದು ಕಾರಣ ಬರೆದು, ಕೆಳಗೆ ನಿಮ್ಮ ಹೆಸರು ಸ್ಪಷ್ಟವಾಗಿ ಬರೆದು ಕಳಿಸಿ. ಎರಡೂ ಮಾಡದಿದ್ದರೆ ಉಚ್ಚ ನ್ಯಾಯಾಲಯಕ್ಕೆ ರಿಟ್ ಅರ್ಜಿ ಸಿದ್ಧವಿದೆ. ಅದರಲ್ಲಿ ಎದುರುದಾರ ನೀವು. ಕೂಗಿದಾಗ ಎದ್ದು ನಿಲ್ಲಬೇಕಾದವರೂ ನೀವೇ.

ಮಹದೇವು ಕಟಕಟೆ ಹತ್ತುವ ದಿನ ಅಪ್ಪನನ್ನು ಮುಂದಿನ ಬೆಂಚಿನಲ್ಲಿ ಕೂರಿಸುತ್ತೇನೆ. ಅಪ್ಪನಿಗೆ ಕಣ್ಣು ಮಂಜಾಗಿದೆ. ಹೋದ ತಿಂಗಳು ಆಪರೇಷನ್ನಿಗೆ ದಿನ ಗೊತ್ತುಮಾಡಿದರೆ, 'ಆ ನನ್ಮಗನ್ನ ನಿಲ್ಸೋ ದಿನ ಹೇಳು, ಅದರ ಹಿಂದಿನ ವಾರ ಮಾಡಿಸ್ಕೋತೀನಿ. ಅವ್ನ ಮೋರೆ ಬುಟ್ರೆ ನಂಗೆ ಇನ್ನೇನೂ ನೋಡೋದಿಲ್ಲ' ಎಂದರು. ಡಾಕ್ಟರು ದಿನ ಕೇಳುತ್ತಿದ್ದಾರೆ. ಏನು ಹೇಳಲಿ?

ಇಂತಿ,
ಊರವರಿಗೆಲ್ಲ ನ್ಯಾಯ ಕೇಳುವ ಅರ್ಜಿ ಬರೆದುಕೊಟ್ಟು, ತನ್ನದೊಂದಕ್ಕೆ ಉತ್ತರ ಕಾಣದ,
ಸಿದ್ದರಾಮುವಿನ ಅಕ್ಕ ನಾಗರತ್ನ,
ಬೆರಳಚ್ಚುಗಾರ್ತಿ, ಮಳವಳ್ಳಿ