ಅಶ್ವಥನ ಮೂರು ಮೂಟೆ ಕೊಬ್ಬರಿ

ಕೋಮಲಾ,

ಗುಬ್ಬಿ ಪ್ಯಾಟೇಲಿ ಕೊಬ್ಬರಿ ತಟ್ಟಿ, ಸದ್ದಲ್ಲೇ ಹಸಿನೋ ಒಣಗೈತೋ ಹೇಳೋಳು ನಾನೊಬ್ಳೇ ಕಣೇ. ಅರ್ಧ ಸುಳ್ಳು ಬುಡು. ಕುಣಿಗಲ್ಲಿಂದ ನನ್ ತಮ್ಮ ಅಶ್ವಥ ಕಳ್ಸಿದ ಮೂರು ಮೂಟೇನ ತಟ್ಟಿ ನೋಡ್ದೆ ಇಳಿಸ್ಕೊಂಡೋಳೂ ನಾನೇ.

ಒಳಗೆಲ್ಲ ಬೂಷ್ಟು ಅಂತ, ಅವ್ನ ಬಿಲ್ಲಲ್ಲಿ ಅಷ್ಟು ದುಡ್ಡು ಮುರ್ಕೊಳಕ್ಕೆ ನೀನು ಡೆಬಿಟ್ ನೋಟು ಬರ್ದಿದೀಯ. ಅತ್ತೆ ಸಿಟ್ಟಾಗ್ತಾಳೆ ಅಂತ ಅದನ್ನ ರಾಗಿಹಿಟ್ಟಿನ ಡಬ್ಬೀಲಿ ಬಚ್ಚಿಟ್ಟಿದೀಯ. ಈ ಮನೇಲಿ ಹಿಟ್ಟು ತೆಗಿಯೋಳು ಯಾರೇ?

ಕಂಡಾಗಿಂದ ಕುಂತ್ರೆ ಕೂರಕ್ಕಾಗ್ದು, ನಿಂತ್ರೆ ನಿಲ್ಲಕ್ಕಾಗ್ದು. ಬಾಗ್ಲಿಗೆ ಸಾವ್ರ ಸಲ ಹೋಗಿ ಬಂದೆ. ನೀನು ಅಂಗ್ಡಿಯಿಂದ ಬರೋಗಂಟ ತಡಿಯಕ್ಕಾಗ್ಲಿಲ್ಲ. ನೋಟು ತಗೊಂಡು ಕುಣಿಗಲ್ ಬಸ್ಸಿಗೆ ಹೊಂಟಿದೀನಿ. ಬೂಷ್ಟು ಹಿಡ್ದಿರೋ ಎರಡು ಕೊಬ್ಬರೀನೂ ಚೀಲಕ್ಕೆ ಹಾಕ್ಕೊಂಡಿದೀನಿ.

ಹಾಲು ಕಾಯ್ಸಿಲ್ಲ, ಕಾಯ್ಸು. ಆ ಮೂಟೆ ಯಾರಿಗೂ ಮಾರ್ಬೇಡ. ಇನ್ಮೇಲೆ ನಂಗೆ ಹೆದ್ರಿ ಏನೂ ಬಚ್ಚಿಡ್ಬೇಡ, ನಂಗೇ ನಾಚ್ಕೆ ಆಯ್ತದೆ.

ಅವ್ನು ಕಂಡ ತಕ್ಷಣ "ಅಕ್ಕ, ಮೊದ್ಲು ಉಣ್ಣು" ಅಂತಾನೆ. ಊಟಕ್ಕೆ ಮುಂಚೆ ನೋಟು ಕೊಟ್ರೆ ಹಸ್ಕೊಂಡು ಬರ್ಬೇಕು. ಉಂಡ್ಮೇಲೆ ಕೊಡಾನ ಅಂದ್ರೆ ತುತ್ತು ಇಳಿಯಾಕಿಲ್ಲ. ಸಾಯಂಕಾಲ ನಂಗೂ ಒಂದು ಮುದ್ದೆ ಮಾಡ್ಬೇಕೋ ಬೇಡ್ವೋ, ನೀನೇ ಹೇಳು ನೋಡಾನ.